ಐದು ಕಾಲಿನ ಆಂಪ್ಲಿಫೈಯರ್

ಟ್ರಾನ್ಸಿಸ್ಟರ್ ಜೋಡಿಸಿ ಪಳಗಿದವರಿಗೆ ಟಿಡಿಎ2030 ಎಂಬ ಐದು ಕಾಲಿನ ಐಸಿಯ ಮೇಲೆ ಒಂದು ಬಗೆಯ ಅಸಡ್ಡೆ. ಎಲ್ಲವನ್ನೂ ಕಂಪನಿಯವರೇ ಮಾಡಿಟ್ಟಿದ್ದಾರೆ, ನಾವು ಮಾಡುವುದೇನಿದೆ ಎನ್ನುತ್ತಾರೆ. ಅರ್ಧ ನಿಜ. ಸಿಗ್ನಲ್ ಹಿಗ್ಗಿಸುವುದು, ಶಾರ್ಟ್ ಆದಾಗ, ಬಿಸಿ ಏರಿದಾಗ ತಡೆದುಕೊಳ್ಳುವುದು, ಇವೆಲ್ಲ ಆ ಕರಿ ತುಂಡಿನೊಳಗೇ ನಡೆಯುತ್ತವೆ. ಆದರೂ ಒಂದೇ ಸರ್ಕ್ಯೂಟ್ ನೋಡಿ ಇಬ್ಬರು ಕಟ್ಟಿದರೆ ಒಂದು ಸದ್ದಿಲ್ಲದೆ ಕೂತಿರುತ್ತದೆ, ಇನ್ನೊಂದು ಗುಂಯ್‌ಗುಡುತ್ತದೆ. ಏಕೆಂಬುದನ್ನು ಸರ್ಕ್ಯೂಟ್ ಚಿತ್ರ ಹೇಳುವುದಿಲ್ಲ.

ಚಿತ್ರದಲ್ಲಿ ಗ್ರೌಂಡಿನ ಗುರುತು ಎಲ್ಲೆಡೆ ಒಂದೇ. ಬೋರ್ಡಿನ ಮೇಲೆ ಹಾಗಲ್ಲ. ಸ್ಪೀಕರಿನಿಂದ ಮರಳುವ ಕರೆಂಟು ಆಂಪಿಯರ್ ಲೆಕ್ಕದ್ದು. ಫಿಲ್ಟರ್ ಕೆಪಾಸಿಟರಿಗೆ ನುಗ್ಗುವ ಚಾರ್ಜಿಂಗ್ ಕರೆಂಟು ಇನ್ನೂ ಒರಟು. ಇನ್‌ಪುಟ್ಟಿಗೆ ಬರುವ ಸಿಗ್ನಲ್ಲೋ ಮಿಲಿವೋಲ್ಟುಗಳಲ್ಲಿ. ಮೂರನ್ನೂ ಒಂದೇ ತೆಳು ತಾಮ್ರದ ಗೆರೆಯಲ್ಲಿ ಓಡಿಸಿದರೆ, ಅಲ್ಲಿ ಹುಟ್ಟುವ ಪುಟ್ಟ ವೋಲ್ಟೇಜು ಇನ್‌ಪುಟ್ಟಿಗೆ ಸೇರಿಕೊಂಡು, ಡೇಟಾಶೀಟಿನ 22 ಕಿಲೋಓಮ್, 680 ಓಮ್ ಫೀಡ್‌ಬ್ಯಾಕ್ ರೆಸಿಸ್ಟರ್ ಜೋಡಿಯಿಂದಾಗಿ, ಸುಮಾರು 33 ಪಟ್ಟು ದೊಡ್ಡದಾಗಿ ಹೊರಬೀಳುತ್ತದೆ. ಅಗ್ಗದ ಕಿಟ್ ಬೋರ್ಡುಗಳು ಎಡವುವುದು ಹೆಚ್ಚಾಗಿ ಇಲ್ಲೇ. ಇನ್‌ಪುಟ್ಟನ್ನು ಅದರ ಗ್ರೌಂಡಿಗೆ ಶಾರ್ಟ್ ಮಾಡಿ ಕೇಳಬೇಕು. ದಪ್ಪನೆಯ 50 ಹರ್ಟ್ಸ್ ಹಮ್ ನಿಂತರೆ ದೋಷ ಹೊರಗಿನ ವೈರಿನಲ್ಲಿ. ಕರಕರ ಎನ್ನುವ 100 ಹರ್ಟ್ಸ್ ಉಳಿದರೆ ಸಪ್ಲೈಯಿನ ಗ್ರೌಂಡನ್ನು ಬಿಚ್ಚಿ, ಕೆಪಾಸಿಟರುಗಳ ಬಳಿ ಒಂದೇ ಬಿಂದುವಿಗೆ ತರಬೇಕು. ಹಮ್ ತಗ್ಗಿಸಲೆಂದು ಗೇನ್ ಇಳಿಸುವ ಚಾಳಿಯೂ ಇದೆ. ಅದು ಕೆಟ್ಟ ಮದ್ದು: 24 ಡೆಸಿಬಲ್‌ಗಿಂತ ಕೆಳಗಿಳಿದರೆ ಈ ಐಸಿ ಆಸಿಲೇಟ್ ಆಗಬಹುದು. ಹಾಡೇ ಇಲ್ಲದಿದ್ದರೂ ಹೀಟ್‌ಸಿಂಕ್ ಸುಡುತ್ತಿದ್ದರೆ ಅನುಮಾನ ಆಸಿಲೇಶನ್ ಮೇಲೇ ಹೋಗಬೇಕು. ಅದನ್ನು ತಡೆಯಲೆಂದೇ ಇರುವ ಔಟ್‌ಪುಟ್ಟಿನ 1 ಓಮ್, 0.22 ಮೈಕ್ರೋಫ್ಯಾರಡ್ ಜೋಡಿಯನ್ನೂ ಐಸಿಯ ಕಾಲಿಗೆ ಅಂಟಿಕೊಂಡಂತೆ ಇರಬೇಕಾದ 0.1 ಮೈಕ್ರೋಫ್ಯಾರಡ್‌ಗಳನ್ನೂ ಖರ್ಚು ಉಳಿಸಲು ಬಿಡುವವರಿದ್ದಾರೆ. ಉಳಿಯುವುದು ಚಿಲ್ಲರೆ ಕಾಸು.

ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿ ನನಗೆ ರಾಜಿ ಇಲ್ಲ. 12-0-12 ಹಾಕಿದರೆ ಡಯೋಡ್ ಕಳೆದು ಎರಡು ಕಡೆಗೂ 16 ವೋಲ್ಟ್ ಚಿಲ್ಲರೆ ಸಿಗುತ್ತದೆ; ಲೋಡ್ ಇಲ್ಲದಾಗ, ಲೈನ್ ವೋಲ್ಟೇಜು ಏರಿದಾಗ ಅದೇ ಈ ಐಸಿಯ 18 ವೋಲ್ಟಿನ ಮಿತಿಗೆ ತಾಗುತ್ತದೆ. 15-0-15 ಎಂದರೆ ಮಿತಿ ದಾಟಿದಂತೆಯೇ. ದೊಡ್ಡ ಟ್ರಾನ್ಸ್‌ಫಾರ್ಮರ್ ಮನೆಯಲ್ಲಿದೆ ಎನ್ನುವವರಿಗೆ ಎಲ್‌ಎಂ1875 ಮೇಲು: ಕಾಲುಗಳ ಕ್ರಮ ಟಿಡಿಎ2030ರದ್ದೇ, ತಾಳಿಕೆ ಒಟ್ಟು 60 ವೋಲ್ಟ್. ಎರಡರಲ್ಲೂ ಬೆನ್ನಿನ ಲೋಹ ಮೈನಸ್ ಸಪ್ಲೈಗೆ ಸೇರಿರುತ್ತದೆ. ಒಂಟಿ ಸಪ್ಲೈಯಲ್ಲಿ ಅದು ಗ್ರೌಂಡೇ, ಚಿಂತೆಯಿಲ್ಲ. ಜೋಡಿ ಸಪ್ಲೈಯಲ್ಲಿ ಮೈಕಾ ಮರೆತು ಡಬ್ಬಕ್ಕೆ ಬಿಗಿದರೆ ನೇರ ಶಾರ್ಟ್.

ಅಸಡ್ಡೆಗೆ ಉತ್ತರ ಕೊಟ್ಟವರು ಜಪಾನಿನ 47 ಲ್ಯಾಬ್ಸ್. ಅವರ ಗೇನ್‌ಕಾರ್ಡ್ ಎಂಬ ಆಂಪ್ಲಿಫೈಯರ್, ಎಲ್‌ಎಂ3875 ಎಂಬ ಐಸಿಯ ಸುತ್ತ ಬೆರಳೆಣಿಕೆಯ ಬಿಡಿಭಾಗಗಳನ್ನಿಟ್ಟು, ತಂತಿಯ ಹಾದಿಯನ್ನು ಆದಷ್ಟು ಗಿಡ್ಡವಾಗಿಸಿ, ದುಬಾರಿ ಬೆಲೆಗೆ ಮಾರಾಟವಾಯಿತು. ಬೆಲೆ ಅತಿಯೆನ್ನುವವರೊಂದಿಗೆ ನನಗೆ ಜಗಳವಿಲ್ಲ. ಆದರೆ ಅದನ್ನು ನಕಲು ಮಾಡಹೊರಟವರು ಐಸಿಯ ಕಾಲಿಗೇ ರೆಸಿಸ್ಟರ್ ಬೆಸೆಯುವುದನ್ನು ಕಲಿತರು, ಕಿಟ್ ಮಾರುವವರು ಇನ್ನೂ ಕಲಿತಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೋರ್ಡ್ ಕೊಳ್ಳುವವರು ಬಲ್ಬನ್ನು ಸೀರೀಸಿನಲ್ಲಿಟ್ಟು ಮೊದಲ ಸಲ ಕರೆಂಟು ಕೊಡಲಿ, ಸ್ಪೀಕರ್ ತಗುಲಿಸುವ ಮುನ್ನ ಔಟ್‌ಪುಟ್ಟಿನ ಡಿಸಿ ಅಳೆಯಲಿ. ಪೆಟ್ಟಿಗೆಯ ಮೇಲಿನ ನೂರಾರು ವ್ಯಾಟ್ ನಂಬುವಂಥದ್ದಲ್ಲ: 14 ವೋಲ್ಟಿನ ಜೋಡಿ ಸಪ್ಲೈಯಲ್ಲಿ 8 ಓಮ್ ಸ್ಪೀಕರಿಗೆ ಈ ಐಸಿಯ ಖಾತರಿ 8 ವ್ಯಾಟ್ ಮಾತ್ರ. ಕೋಣೆಯಲ್ಲಿ ಕೂತು ಕೇಳಲು ಅಷ್ಟು ಸಾಕು.