ದಿಲ್ಲಿಯಲ್ಲೂ ಒಂದು ಕ್ಯಾಮೆರಾ ಇರಬೇಕಿತ್ತು

ಬರ್ಮಾ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗೋದು ತೇಗ. ಹಳೇ ಮನೆ ತೋರಿಸುವವರು ಬಾಗಿಲು ತಟ್ಟಿ ‘ಬರ್ಮಾ ಟೀಕ್ ಸಾರ್’ ಅಂತಾರೆ, ಅಲ್ಲಿಗೆ ಆ ದೇಶದ ಪರಿಚಯ ಮುಗೀತು. ನನ್ನದೂ ಅಷ್ಟೇ ಇತ್ತು. ಈ ತಿಂಗಳು, ಅಂದರೆ 2010ರ ನವೆಂಬರ್‌ನಲ್ಲಿ, ಒಂದೇ ವಾರದೊಳಗೆ ಬರ್ಮಾ ಮೂರು ಸಲ ಸುದ್ದಿಗೆ ಬಂತು. 7ಕ್ಕೆ ಮಿಲಿಟರಿಯವರೇ ನಡೆಸಿದ ಚುನಾವಣೆ. 13ಕ್ಕೆ ಆಂಗ್ ಸಾನ್ ಸೂ ಕಿ ಬಿಡುಗಡೆ. ನಡುವೆ 8ಕ್ಕೆ ನಮ್ಮ ಸಂಸತ್ತಿನಲ್ಲಿ ಒಬಾಮಾ ಭಾಷಣ. ಇಂಥ ವಿಷಯ ಬಂದಾಗ ಭಾರತ ಹಿಂಜರಿಯುತ್ತದೆ ಅಂತ ಅವರು ನಮ್ಮ ಎಂಪಿಗಳ ಮುಖಕ್ಕೇ ಹೇಳಿದರು. ಮಾರನೇ ದಿನ ಆಫೀಸ್ ಕ್ಯಾಂಟೀನಿನಲ್ಲಿ ಎಲ್ಲರಿಗೂ ಸಿಟ್ಟು. ‘ಪಾಕಿಸ್ತಾನಕ್ಕೆ ದುಡ್ಡು ಸುರಿಯೋರು ನಮಗೆ ಬುದ್ಧಿ ಹೇಳೋಕೆ ಬಂದ್ರು ನೋಡಪ್ಪ.’ ನಾನೂ ತಲೆಯಾಡಿಸಿದೆ.

ಆ ಶನಿವಾರ ರಾತ್ರಿ ‘ಬರ್ಮಾ ವಿಜೆ’ ನೋಡಿದೆ. ಆಂಡರ್ಸ್ ಓಸ್ಟರ್‌ಗಾರ್ಡ್ ಎಂಬ ಡೆನ್ಮಾರ್ಕಿನವನು 2008ರಲ್ಲಿ ಮಾಡಿದ ಡಾಕ್ಯುಮೆಂಟರಿ. ಈ ವರ್ಷದ ಆಸ್ಕರ್ ಪಟ್ಟಿಯಲ್ಲಿತ್ತು. ಪ್ರಶಸ್ತಿ ಹೋಗಿದ್ದು ಡಾಲ್ಫಿನ್ ಬೇಟೆಯ ಮೇಲಿನ ‘ದಿ ಕೋವ್’ಗೆ. ಡಾಲ್ಫಿನ್‌ಗಳ ಮೇಲೆ ನನಗೇನೂ ದ್ವೇಷ ಇಲ್ಲ ಬಿಡಿ.

ಸಿನಿಮಾದ ಬಹುಪಾಲು ಡೈರೆಕ್ಟರ್ ತೆಗೆದಿದ್ದೇ ಅಲ್ಲ. ರಂಗೂನಿನ ಬೀದಿಯಲ್ಲಿ ಬ್ಯಾಗಿನೊಳಗೆ, ಕಂಕುಳಲ್ಲಿ ಸಣ್ಣ ಕ್ಯಾಮೆರಾ ಬಚ್ಚಿಟ್ಟುಕೊಂಡು ತಿರುಗುತ್ತಿದ್ದ ಹುಡುಗರು ತೆಗೆದದ್ದು. ಸಿಕ್ಕಿಬಿದ್ದರೆ ಜೈಲು. ಆ ಚಿತ್ರಗಳು ಕದ್ದುಮುಚ್ಚಿ ದೇಶ ದಾಟಿ ಓಸ್ಲೋದಲ್ಲಿರುವ ‘ಡೆಮಾಕ್ರಟಿಕ್ ವಾಯ್ಸ್ ಆಫ್ ಬರ್ಮಾ’ ಸೇರುತ್ತವೆ. ಅಲ್ಲಿಂದ ಬಿಬಿಸಿ, ಸಿಎನ್‌ಎನ್‌ಗೆ, ಜೊತೆಗೆ ಸ್ಯಾಟಲೈಟ್ ಮೂಲಕ ವಾಪಸ್ ಬರ್ಮಾದ ಮನೆಗಳಿಗೇ. ತಮ್ಮ ಪಕ್ಕದ ರಸ್ತೆಯಲ್ಲಿ ಏನಾಯ್ತು ಅಂತ ಜನ ನಾರ್ವೆಯಿಂದ ತಿಳಿದುಕೊಳ್ಳುವ ಪರಿಸ್ಥಿತಿ.

2007ರ ಆಗಸ್ಟ್ 15ರಂದು ಸರ್ಕಾರ ಹೇಳದೆ ಕೇಳದೆ ಡೀಸೆಲ್ ಬೆಲೆ ದುಪ್ಪಟ್ಟು ಮಾಡಿತು, ಬಸ್ಸುಗಳಿಗೆ ಹಾಕುವ ಗ್ಯಾಸಿನದು ಸುಮಾರು ಐದು ಪಟ್ಟು. ಕೂಲಿಗೆ ಹೋಗುವವನಿಗೆ ಬಸ್‌ಚಾರ್ಜ್ ಕೊಡಲೂ ಕಷ್ಟವಾಯ್ತು. ಸೆಪ್ಟೆಂಬರ್ 5ಕ್ಕೆ ಪಕೊಕ್ಕು ಅನ್ನೋ ಊರಲ್ಲಿ ಸೈನಿಕರು ಬೌದ್ಧ ಭಿಕ್ಷುಗಳ ಮೇಲೆ ಕೈ ಮಾಡಿದರು. ಅವರು ಕ್ಷಮೆ ಕೇಳಲಿಲ್ಲ, ಭಿಕ್ಷುಗಳು ಭಿಕ್ಷಾಪಾತ್ರೆ ಮಗುಚಿ ಹಿಡಿದರು. ಅಂದರೆ ಸೈನಿಕರು, ಅವರ ಮನೆಯವರು ಕೊಡುವ ಅನ್ನ ನಮಗೆ ಬೇಡ ಅಂತ. ಪಶ್ಚಿಮದ ವಿಮರ್ಶಕರು ಇದನ್ನು ಸಾಂಕೇತಿಕ ಪ್ರತಿಭಟನೆ ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಬಾಗಿಲಿಗೆ ಬಂದ ಜಂಗಮರು ಭಿಕ್ಷೆ ಮುಟ್ಟದೆ ತಿರುಗಿ ಹೋದರೆ ನಮ್ಮೂರಲ್ಲಿ ಆ ಮನೆಯ ಅಜ್ಜಿ ಅವತ್ತು ಊಟ ಮಾಡ್ತಿರಲಿಲ್ಲ. ಪುಣ್ಯ ಸಂಪಾದಿಸುವ ದಾರಿಯನ್ನೇ ಮುಚ್ಚಿಬಿಡೋದು ಅದು. ಜನರಲ್‌ಗಳಿಗೆ ಅಮೆರಿಕದ ನಿರ್ಬಂಧಕ್ಕಿಂತ ಇದು ಹೆಚ್ಚು ಚುಚ್ಚಿರಬೇಕು ಅಂತ ನನ್ನ ಊಹೆ.

ಆಮೇಲಿನ ದೃಶ್ಯಗಳನ್ನು ನೀವೇ ನೋಡಬೇಕು. ಅಲ್ಲಾಡುವ ಚಿತ್ರ, ಮಬ್ಬು, ಎದುರಿಗೆ ಯಾರದೋ ಭುಜ. ಕಾವಿ ಬಟ್ಟೆಯ ಮೆರವಣಿಗೆ, ಅಕ್ಕಪಕ್ಕ ಕೈ ಕೈ ಹಿಡಿದು ನಿಂತ ಜನ. ಮೊದಲು ಕ್ಯಾಮೆರಾ ಹಿಡಿದವನನ್ನು ಗೂಢಚಾರ ಅಂತ ಅನುಮಾನಿಸುವ ಭಿಕ್ಷುಗಳೇ ಆಮೇಲೆ ಅವನಿಗೆ ಅಡ್ಡ ನಿಂತು ಕಾಪಾಡುತ್ತಾರೆ. 27ನೇ ತಾರೀಖು ಜಪಾನಿನ ಪತ್ರಕರ್ತ ಕೆಂಜಿ ನಾಗಾಯಿ ರಸ್ತೆಯಲ್ಲಿ ಗುಂಡೇಟಿಗೆ ಬೀಳುತ್ತಾರೆ. ಕೊನೆಗೆ ನೀರಲ್ಲಿ ಬೋರಲಾಗಿ ತೇಲುವ ಒಂದು ಕಾವಿ ದೇಹ. ಅಷ್ಟರಲ್ಲಿ ಇಂಟರ್ನೆಟ್ ಬಂದ್. ಇಡೀ ದೇಶಕ್ಕೆ ಇದ್ದದ್ದು ಎರಡೇ ಐಎಸ್‌ಪಿ, ಎರಡೂ ಸರ್ಕಾರದ ಹಿಡಿತದಲ್ಲಿ. ನೆಟ್‌ವರ್ಕ್ ಗೊತ್ತಿರುವವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ನನ್ನ ತಕರಾರು ಎರಡಿವೆ. ಒಂದು ಸಣ್ಣದು. ಕತೆ ಹೇಳುವ ‘ಜೋಶುವಾ’ ಆಗ ಥಾಯ್ಲೆಂಡಿಗೆ ಹೋಗಿ, ಅಲ್ಲಿಂದ ಫೋನಿನಲ್ಲೇ ಹುಡುಗರನ್ನು ನಡೆಸುತ್ತಿರುತ್ತಾನೆ. ಆ ಫೋನ್ ಸಂಭಾಷಣೆಗಳನ್ನು ಮತ್ತೆ ಅಭಿನಯಿಸಿ ತೆಗೆದಿದ್ದಾರೆ. ಕೆಲವು ಭಾಗ ಮರುಸೃಷ್ಟಿ ಅಂತ ಶುರುವಿನಲ್ಲೇ ಹೇಳುತ್ತಾರೆ ನಿಜ, ಆದರೆ ಯಾವುದು ಅಂತ ಹೇಳಲ್ಲ. ಜೀವ ಒತ್ತೆಯಿಟ್ಟು ತೆಗೆದ ಚಿತ್ರದ ಪಕ್ಕ ಲೈಟ್ ಹಾಕಿ ತೆಗೆದದ್ದನ್ನು ಕೂರಿಸಬಾರದಿತ್ತು. ಸುಳ್ಳು ಅನ್ನೋಕೆ ಜನರಲ್‌ಗಳಿಗೆ ಅಷ್ಟು ಸಂದು ಸಾಕು.

ದೊಡ್ಡ ತಕರಾರು ಬೇರೆ. ಜಗತ್ತು ನೋಡಿದರೆ ಜಗತ್ತು ಸುಮ್ಮನಿರಲ್ಲ ಅನ್ನೋ ನಂಬಿಕೆ ಮೇಲೆ ಸಿನಿಮಾ ನಿಂತಿದೆ. ಜಗತ್ತು ನೋಡಿತಲ್ಲ, ಆಮೇಲೆ ಏನು ಮಾಡಿತು? ಅದನ್ನು ಸಿನಿಮಾ ಕೇಳಲ್ಲ. ಭದ್ರತಾ ಮಂಡಳಿಯಲ್ಲಿ ಅದೇ ವರ್ಷದ ಜನವರಿಯಲ್ಲಿ ಬಂದಿದ್ದ ನಿರ್ಣಯಕ್ಕೆ ಚೀನಾ, ರಷ್ಯಾ ವೀಟೊ ಹಾಕಿದ್ದವು. ಇಷ್ಟೆಲ್ಲ ಚಿತ್ರ ನೋಡಿದ ಮೇಲೆ, ಅಕ್ಟೋಬರ್ 11ಕ್ಕೆ, ಒಂದು ಹೇಳಿಕೆ ಹೊರಟಿತು. ಕರಡಿನಲ್ಲಿದ್ದ ‘ಖಂಡಿಸುತ್ತದೆ’ ಅನ್ನೋ ಪದವನ್ನು ಚೀನಾ ಒಪ್ಪುವಂತೆ ‘ತೀವ್ರವಾಗಿ ವಿಷಾದಿಸುತ್ತದೆ’ ಮಟ್ಟಕ್ಕೆ ಇಳಿಸಿದರು. ಕ್ಲೈಂಟ್ ಜೊತೆ ಡಾಕ್ಯುಮೆಂಟಿನ ಒಂದು ಪದಕ್ಕೆ ವಾರಗಟ್ಟಲೆ ಕೂತವನು ನಾನು. ಆದರೆ ಇಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಪಿನ್ಹೇರೊ ಕೊಟ್ಟ ಲೆಕ್ಕದಲ್ಲೇ ಕನಿಷ್ಠ 31 ಜನ ಸತ್ತಿದ್ದರು.

ಅಮೆರಿಕ ಬಾಯಿಬಿಟ್ಟಿತು, ಒಪ್ಪೋಣ. ಆದರೆ 2003ರಲ್ಲಿ ಅದು ಬರ್ಮಾದ ಆಮದು ನಿಲ್ಲಿಸಿದಾಗ ಕೆಲಸ ಕಳಕೊಂಡವರು ಗಾರ್ಮೆಂಟ್ ಫ್ಯಾಕ್ಟರಿಯ ಸಾವಿರಾರು ಹೆಣ್ಣುಮಕ್ಕಳು. ಷೆವ್ರಾನ್‌ಗೆ ಪಾಲಿರುವ ಯಡಾನಾ ಗ್ಯಾಸ್ ಮಾತ್ರ ಪೈಪ್‌ಲೈನಲ್ಲಿ ಥಾಯ್ಲೆಂಡಿಗೆ ಹರೀತಾನೇ ಇತ್ತು, ಜನರಲ್‌ಗಳಿಗೆ ಡಾಲರ್ ಬರ್ತಾನೇ ಇತ್ತು. ಕ್ಯಾಂಟೀನಿನ ಸಿಟ್ಟಿಗೆ ಇಷ್ಟು ಆಧಾರ ಇದೆ.

ಆದರೆ ನಾವು? ಭಿಕ್ಷುಗಳು ಬೀದಿಯಲ್ಲಿದ್ದ ಅದೇ ದಿನಗಳಲ್ಲಿ ನಮ್ಮ ಪೆಟ್ರೋಲಿಯಂ ಮಂತ್ರಿ ಮುರಳಿ ದೇವೋರಾ ಬರ್ಮಾದಲ್ಲೇ ಇದ್ದರು. ಒಎನ್‌ಜಿಸಿ ವಿದೇಶ್‌ಗೆ ಸಮುದ್ರದ ಮೂರು ಬ್ಲಾಕ್‌ಗಳಲ್ಲಿ ಗ್ಯಾಸ್ ಹುಡುಕುವ ಒಪ್ಪಂದಕ್ಕೆ. ಚೀನಾ ಒಳಗೆ ನುಗ್ಗುತ್ತಿದೆ, ಈಶಾನ್ಯದ ಬಂಡುಕೋರರು ಗಡಿಯಾಚೆ ಅಡಗುತ್ತಾರೆ, ಹಾಗಾಗಿ ಮಿಲಿಟರಿಯವರನ್ನು ಎದುರು ಹಾಕಿಕೊಳ್ಳೋಕಾಗಲ್ಲ ಅನ್ನೋದು ದಿಲ್ಲಿಯ ವಾದ. ಅದು ಪೂರ್ತಿ ಪೊಳ್ಳೂ ಅಲ್ಲ. ಆದರೆ ಲೆಕ್ಕವನ್ನಾದರೂ ನೋಡಿ. ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಎರಡಕ್ಕೂ ಪಾಲಿದ್ದ ‘ಶ್ವೆ’ ನಿಕ್ಷೇಪದ ಗ್ಯಾಸನ್ನು 2008ರ ಕೊನೆಗೆ ಚೀನಾಕ್ಕೆ 30 ವರ್ಷಕ್ಕೆ ಮಾರುವ ಒಪ್ಪಂದವಾಯ್ತು. ಮರ್ಯಾದೆನೂ ಹೋಯ್ತು, ಗ್ಯಾಸೂ ಹೋಯ್ತು. ಸೂ ಕಿ ಓದಿದ್ದು ದಿಲ್ಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ, ಅವರ ತಾಯಿ ಇಲ್ಲಿ ರಾಯಭಾರಿಯಾಗಿದ್ದರು, ನೆಹರೂ ಹೆಸರಿನ ಪ್ರಶಸ್ತಿ ಕೊಟ್ಟಿದ್ದೂ ನಾವೇ. ಬೀಜಿಂಗ್ ಸುಮ್ಮನಿದ್ದರೆ ಯಾರಿಗೂ ಆಶ್ಚರ್ಯ ಇಲ್ಲ. ನಾವು ಸುಮ್ಮನಿದ್ದದ್ದನ್ನು ಆ ಹುಡುಗರು ಹೇಗೆ ತಗೊಂಡಿರಬಹುದು?

ಓಸ್ಟರ್‌ಗಾರ್ಡ್ ಅಂಥ ಕೋಣೆಗಳಿಗೆ ಕ್ಯಾಮೆರಾ ಒಯ್ಯಲೇ ಇಲ್ಲ. ಹಾಗಾಗಿ ಸಿನಿಮಾದಲ್ಲಿ ತಪ್ಪಿತಸ್ಥರು ಅಂದರೆ ಹಸಿರು ಯೂನಿಫಾರ್ಮಿನವರು ಮಾತ್ರ, ನೋಡುವ ನಾವೆಲ್ಲ ಒಳ್ಳೆಯವರು. ಇಷ್ಟು ಸುಲಭಕ್ಕೆ ನಮ್ಮನ್ನು ಬಿಟ್ಟುಬಿಡುವ ಸಿನಿಮಾ ಮೇಲೆ ನನಗೆ ಸ್ವಲ್ಪ ಮುನಿಸಿದೆ. ಆದರೂ ನೋಡಿ, ಆ ಹುಡುಗರಿಗೋಸ್ಕರ.

ನೋಡಿ ಮುಗಿಸಿದ ಮೇಲೆ, ನಿದ್ದೆ ಬರದಿದ್ದರೆ, ಈ ಜುಲೈನ ಪೇಪರ್ ಫೋಟೋಗಳನ್ನು ಹುಡುಕಿ. ಇದೇ ಸೈನ್ಯದ ಹಿರಿಯ ಜನರಲ್ ಥಾನ್ ಶ್ವೆ ನಮ್ಮ ಸರ್ಕಾರದ ಅತಿಥಿಯಾಗಿ ಬಂದಿದ್ದರು. ರಾಜ್‌ಘಾಟಿನಲ್ಲಿ ಗಾಂಧಿ ಸಮಾಧಿಗೆ ಹೂ ಇಟ್ಟರು. ಆ ದಿನ ಅಲ್ಲಿ ಕ್ಯಾಮೆರಾ ಹಿಡಿದವರು ಯಾರೂ ಅದನ್ನು ಬಚ್ಚಿಡಬೇಕಾಗಿರಲಿಲ್ಲ.