ಮಂಗಳನ ಮಣ್ಣು ಕೆದಕಿದ ಸಲಿಕೆ

2008ನೆಯ ಇಸವಿಯ ಮೇ 25ರಂದು ಮಂಗಳಗ್ರಹದ ಉತ್ತರ ಧ್ರುವಕ್ಕೆ ಸಮೀಪವಾದ ಬಯಲಿನಲ್ಲಿಳಿದ ಫೀನಿಕ್ಸ್ ನೌಕೆಯನ್ನು ನೆನೆದಾಗಲೆಲ್ಲ, ಅದರ ಇತರ ಯಂತ್ರಗಳಿಗಿಂತ ಮಿಗಿಲಾಗಿ ನನ್ನ ಮನಸ್ಸನ್ನು ಸೆಳೆಯುವುದು 2.35 ಮೀಟರ್ ಉದ್ದದ ತೋಳಿನ ತುದಿಯಲ್ಲಿದ್ದ ಪುಟ್ಟ ಸಲಿಕೆ. ಅದು ಕೆಂಪು ಮಣ್ಣನ್ನು ಕೆಲವೇ ಅಂಗುಲ ಕೆರೆದಾಗ, ತಗ್ಗಿನ ನೆರಳಿನಲ್ಲಿ ದಾಳದ ಗಾತ್ರದ ಬಿಳಿಯ ಹರಳುಗಳು ಗೋಚರಿಸಿದುವು. ಅವು ಉಪ್ಪೋ ಹಿಮವೋ ಎಂದು ವಿದ್ವಾಂಸರು ತರ್ಕಿಸುತ್ತಿರಲು, ನಾಲ್ಕೇ ದಿನಗಳಲ್ಲಿ ಕರಗದೆ, ಹರಿಯದೆ, ನೇರವಾಗಿ ಆವಿಯಾಗಿ ಕಣ್ಮರೆಯಾದುವು. ಉಪ್ಪು ಹಾಗೆ ಹೋಗುವ ವಸ್ತುವಲ್ಲ.

ಕಣ್ಣು ಕಂಡುದನ್ನು, ಮಣ್ಣನ್ನು ಕಾಯಿಸಿ ಪರೀಕ್ಷಿಸಲು ನೌಕೆಯಲ್ಲಿದ್ದ ಒಲೆಯೂ ಒಪ್ಪಬೇಕಷ್ಟೆ. ಅಲ್ಲಿನ ಮಣ್ಣಾದರೋ ಬಹು ಹಟಮಾರಿ: ಮೊದಲ ಸಲ ಸುರಿದುದು ಒಲೆಯ ಬಾಯಿಗಿದ್ದ ಜರಡಿಯ ಮೇಲೆಯೇ ಹೆಂಟೆಗಟ್ಟಿ ಕುಳಿತು, ದಿನಗಟ್ಟಲೆ ಅಲುಗಿಸಿದ ಮೇಲಷ್ಟೇ ಕೆಳಗಿಳಿಯಿತು. (ಥಂಡಿ ಹಿಡಿದ ಹಿಟ್ಟನ್ನು ಜರಡಿಯಾಡಿದ ಗೃಹಿಣಿಗೆ ಈ ಸಂಕಟ ಹೊಸತಲ್ಲ.) ಹಿಮ ಬೆರೆತ ಮಣ್ಣು ಸಲಿಕೆಗೇ ಕಚ್ಚಿಕೊಂಡು, ಬೋರಲು ಹಾಕಿದರೂ ಬೀಳಲೊಲ್ಲದೆ ಹೋಯಿತು. ಕಡೆಗೆ, ಎರಡು ದಿನ ಗಾಳಿಗೊಡ್ಡಿಕೊಂಡು ತುಸು ಒಣಗಿದ್ದ ಮಣ್ಣನ್ನು ಒಲೆಗೆ ಸುರಿದು ಮೆಲ್ಲಮೆಲ್ಲನೆ ಕಾಯಿಸಲಾಗಿ, ಸೊನ್ನೆ ಡಿಗ್ರಿಯ ಬಳಿ ಹಿಮ ಕರಗಿದ ಗುರುತು ದೊರೆಯಿತು. ಜುಲೈ 31ರಂದು ವಿಜ್ಞಾನಿಗಳು ಅದು ನೀರೇ ಎಂದು ಘೋಷಿಸಿದರು.

ಕೋಟ್ಯಂತರ ಮೈಲಿ ದೂರದಿಂದ ಒಂದು ಹಿಡಿ ಮಣ್ಣಿನ ಸ್ವಭಾವವನ್ನರಿತು, ಅದು ಒಣಗುವವರೆಗೆ ಕಾದ ಆ ಕೈಚಳಕವನ್ನೇ ನಾನು ಮೆಚ್ಚುವುದು. ನವೆಂಬರ್ 2ರಂದು ಬಂದ ಸಂಕೇತವೇ ಫೀನಿಕ್ಸಿನ ಕಡೆಯ ಮಾತು. ಸಲಿಕೆ ಇನ್ನೂ ಅಲ್ಲಿಯೇ ಇದೆ.