ಕರ್ವಾಲೊ ಓತಿ ತೋಟದಲ್ಲೇ ಇದೆ

ಹಾರುವ ಓತಿಯ ಹುಡುಕಾಟದ ಕಥೆ ಹೇಳುವ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಹೊರಬಂದಂದಿನಿಂದ ಕನ್ನಡದ ಓದುಗರಿಗೆ ಹಾರುವ ಓತಿ ಎಂದರೆ ದಟ್ಟ ಕಾಡು ನೆನಪಾಗುತ್ತದೆ. ಅದನ್ನು ನೋಡಲು ತಂಡ ಕಟ್ಟಿಕೊಂಡು ಘಟ್ಟ ಸುತ್ತಬೇಕೆಂದು ನಂಬಿದವರೂ ಇದ್ದಾರೆ. ಆದರೆ ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಮನೆಯ ಕೆಳಗೆ ಅಡಿಕೆ ತೋಟ ಇರುವವರಿಗೆ ಅಂಗಳ ಇಳಿದರೂ ಅದು ಕಾಣಸಿಗಬಹುದು.

ಕಣ್ಣಿಗೆ ಬೀಳದಿರುವುದು ಅದರ ಬಣ್ಣದಿಂದಾಗಿ. ಬಾಲವೂ ಸೇರಿ ಗೇಣುದ್ದದ ಈ ಜೀವಿ ಬೂದು ಮತ್ತು ಕಂದು ಚುಕ್ಕೆಗಳ ಮೈಯನ್ನು ಕಾಂಡಕ್ಕೆ ಅಂಟಿಸಿಕೊಂಡು ಕೂತರೆ, ಅಡಿಕೆ ಮರದ ಕಲ್ಲುಹೂವಿನ ಮಚ್ಚೆ ಯಾವುದು, ಓತಿ ಯಾವುದು ಎಂದು ತಿಳಿಯುವುದಿಲ್ಲ.

ಅದನ್ನು ಬಿಟ್ಟುಕೊಡುವುದು ಗಂಡಿನ ಗಂಟಲಿನ ಹಳದಿ ಚೀಲ. ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ದೂರವಿಡಲು ಅದನ್ನು ಸರ್ರನೆ ಮುಂದಕ್ಕೆ ಚಾಚಿ ಮಡಚುತ್ತದೆ. ಬಿಸಿಲು ಏರುವ ಹೊತ್ತಿಗೆ ಒಂದೇ ಕಡೆ ನಿಂತು, ತಲೆಯಿಂದ ಮೇಲಿನ ಕಾಂಡಗಳ ಮೇಲೆ ಕಣ್ಣಾಡಿಸುತ್ತಿದ್ದರೆ ಆ ಹಳದಿ ಮಿಂಚು ಕಾಣುತ್ತದೆ. ಹತ್ತಿರ ಹೋದರೆ ಓತಿ ಮರದ ಆಚೆ ಬದಿಗೆ ಸರಿದುಕೊಳ್ಳುತ್ತದೆ. ಹಾಗಾಗಿ ಇಬ್ಬರಿದ್ದು ಎರಡು ಬದಿಯಿಂದ ನೋಡುವುದು ಒಳ್ಳೆಯದು. ಕಾಯುವ ಹೊತ್ತು ವ್ಯರ್ಥವಾಗುವುದಿಲ್ಲ. ಮರಕುಟಿಗ ಅದೇ ಕಾಂಡ ಕುಟ್ಟುತ್ತಿರುತ್ತದೆ, ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತಿರುತ್ತದೆ.

ಹಾರಾಟವನ್ನಂತೂ ನೋಡಿಯೇ ನಂಬಬೇಕು. ಓತಿ ತಲೆ ಕೆಳಗಾಗಿ ಜಿಗಿದು, ಉದ್ದಕ್ಕೆ ಬೆಳೆದ ಪಕ್ಕೆಲುಬುಗಳನ್ನು ಅಗಲಿಸುತ್ತದೆ. ಅವುಗಳ ನಡುವಿನ ತೊಗಲು ಬಿಚ್ಚಿಕೊಳ್ಳುತ್ತದೆ. ಜರ್ಮನಿಯ ಸಂಶೋಧಕ ಮ್ಯಾಕ್ಸಿಮಿಲಿಯನ್ ಡೆಹ್ಲಿಂಗ್ ಪಶ್ಚಿಮ ಘಟ್ಟದ ಇದೇ ಓತಿಯ ಚಿತ್ರಗಳನ್ನು ತೆಗೆದು 2017ರಲ್ಲಿ ಹೊಸ ಸಂಗತಿಯೊಂದನ್ನು ತಿಳಿಸಿದರು: ಗಾಳಿಯಲ್ಲಿದ್ದಾಗ ಅದು ಮುಂಗಾಲುಗಳನ್ನು ಹಿಂದಕ್ಕೆ ಚಾಚಿ ರೆಕ್ಕೆಯ ಮುಂದಂಚನ್ನು ಹಿಡಿದುಕೊಳ್ಳುತ್ತದೆ. ಹೋಗುವ ದಿಕ್ಕನ್ನು ಹಾಗೆ ನಿಯಂತ್ರಿಸುತ್ತದೆ ಎಂಬುದು ಅವರ ವಿವರಣೆ. ಇನ್ನೇನು ಮರ ಮುಟ್ಟಬೇಕು ಎನ್ನುವಾಗ ಮೈಯನ್ನು ಮೇಲಕ್ಕೆತ್ತಿ ವೇಗ ತಗ್ಗಿಸಿ, ತಲೆ ಮೇಲಾಗಿ ಕೂರುತ್ತದೆ.

ಹೆಣ್ಣು ನೆಲಕ್ಕಿಳಿಯುವುದು ಮುಖ್ಯವಾಗಿ ಮೊಟ್ಟೆ ಇಡಲು. ಮೂತಿಯಿಂದಲೇ ಮಣ್ಣು ತೋಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಬುಡದ ಮಣ್ಣಿನಿಂದ ಸೋಗೆಯ ತುದಿಯವರೆಗೆ ಇಡೀ ತೋಟ ಅದರ ಮನೆ.

ಅದರ ಮುಖ್ಯ ಆಹಾರ ಇರುವೆ. ಕಾಂಡದ ಮೇಲೆ ಸಾಲುಗಟ್ಟಿ ಓಡಾಡುವ ಇರುವೆಗಳಿಗೆ ಕೈ ಬೀಸಿ ಪುಡಿ ಎರಚುವ ಮುನ್ನ, ಅದೇ ಮರದಲ್ಲಿ ಓತಿಯೊಂದು ಅವುಗಳನ್ನು ನಂಬಿ ಕೂತಿದೆಯೇ ಎಂದು ತೋಟದವರು ಒಮ್ಮೆ ತಲೆಯೆತ್ತಿ ನೋಡಲಿ.